ಕಾಕಾ ಕೇಳಿದ ಇಂಗ್ಲಿಷ್ ಮಾತುಗಳು

ಸಂಜೆ ಕೆಲಸದಿಂದ ಬರುವಾಗ ಕಾಕಾನ ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬೆಳ್ಳಗಿರುತ್ತಿದ್ದವು. ನಳದ ಕೆಳಗೆ ತಲೆಯೊಡ್ಡಿ ಎದ್ದರೆ ಮುದುಕ ಹೋಗಿ ನಡುವಯಸ್ಸಿನ ಕಪ್ಪು ಮುಖವೊಂದು ಹೊರಬರುತ್ತಿತ್ತು. ಗೋವಾದ ವಾಸ್ಕೋದ ನಮ್ಮ ಚಾಳಿನಲ್ಲಿ ಪಕ್ಕದ ಖೋಲಿ ಅವನದು. ಬಾಗಲಕೋಟೆ ಕಡೆಯವನು. ಹೊಸ ಫ್ಲ್ಯಾಟುಗಳಲ್ಲಿ ಮಾರ್ಬಲ್, ಗ್ರಾನೈಟ್ ಕೊಯ್ದು ಕೂಡಿಸಿ, ಉಜ್ಜಿ ಹೊಳಪು ತರುವುದು ಅವನ ಕೆಲಸ. ನಮಗೆ ರಕ್ತಸಂಬಂಧವೇನೂ ಇರಲಿಲ್ಲ.

ಅವನಿಗೆ ಇಂಗ್ಲಿಷ್ ಮಾತುಗಳ ಹುಚ್ಚು. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆನಾದ್ದರಿಂದ ನನಗೆ ಎಲ್ಲ ಗೊತ್ತೆಂದು ನಂಬಿದ್ದ. ಕೇಳಿಬಂದದ್ದನ್ನು ಮರೆಯುವ ಮೊದಲೇ ನಮ್ಮ ಬಾಗಿಲಲ್ಲಿ ನಿಂತು ಒಪ್ಪಿಸುತ್ತಿದ್ದ.

"ರಫ್ ಅಂತ ಕಲ್ಲಿಗೂ ಅಂತಾರ, ಮನಷಾಗೂ ಅಂತಾರೇನ ಮಗಳ?"

"ಹೌದು ಕಾಕಾ."

"ಹಂಗಾರ ನಮ್ಮ ಕೆಲಸ ಮಾಡಸೋ ಮುಕಾದಮ ಭಾಳ ರಫ್. ಎಷ್ಟು ಉಜ್ಜಿದ್ರೂ ಪಾಲಿಶ್ ಬರಂಗಿಲ್ಲ."

ಒಂದು ದಿನ ಅವನು ತಂದ ಮಾತು ಇರಿಟೇಶನ್. ಧೂಳು, ಸಪ್ಪಳ ಎಂದು ಎದುರಿನ ಫ್ಲ್ಯಾಟಿನ ಹೆಂಗಸು ಬೈದಿದ್ದಳಂತೆ. ಕಿರಿಕಿರಿ ಎಂದರ್ಥ ಎಂದೆ.

"ಖರೇ ಐತಿ ಬಿಡು. ಅದಕ್ಕ ಕಿಟಕಿ ಮುಚ್ಚಿಕೊಂಡು ಮಾಡಾಕತ್ತೇನಿ," ಎಂದ. ಮುಚ್ಚಿದ ಕೋಣೆಯಲ್ಲಿ, ಬಾಯಿಗೊಂದು ಕರವಸ್ತ್ರ ಕಟ್ಟಿಕೊಂಡು, ಅವನು ನೀರು ಹಾಕದೆ ಒಣಕಲ್ಲು ಕೊಯ್ಯುತ್ತಿದ್ದ.

ನನ್ನ ಅವ್ವ ಸೊಂಟ ಮುರಿದುಕೊಂಡ ಮೇಲೆ ಮನೆಯೊಳಗೆ ಅಂಗೈ ಊರಿ ತೆವಳುತ್ತಿದ್ದಳು. ತರಕಲು ಸಿಮೆಂಟಿನ ನೆಲಕ್ಕೆ ಅಂಗೈ ಸುಲಿದು ರಕ್ತ ಬರುತ್ತಿತ್ತು. ಅದು ಕಾಕಾನ ಕಣ್ಣಿಗೆ ಬಿತ್ತು. ಬಿಡುವಿನ ರವಿವಾರಗಳಲ್ಲಿ ಅಲ್ಲಿ ಇಲ್ಲಿ ಉಳಿದ ತುಂಡುಗಳನ್ನು ತಂದ. ಹಸಿರು, ಗುಲಾಬಿ, ಬಿಳಿ, ಯಾವುದಕ್ಕೂ ಯಾವುದೂ ಹೊಂದದ ಕಲ್ಲುಗಳು. ಅವನ್ನೇ ನಮ್ಮ ಮನೆಯ ನೆಲಕ್ಕೆ ಕೂಡಿಸಿ, ಉಜ್ಜಿ, ಕೊನೆಗೆ ತನ್ನ ಕೆನ್ನೆಯನ್ನು ನೆಲಕ್ಕೆ ಒತ್ತಿ ನೋಡಿದ.

"ಈಗ ಬರ್ರಿ ವೈನಿ."

ಅವ್ವ ಒಲೆಯಿಂದ ಬಾಗಿಲವರೆಗೆ ಸರಿದು ಬಂದಳು. ಅಂಗೈ ತಿರುಗಿಸಿ ನೋಡಿಕೊಂಡು ನಕ್ಕಳು. ಬಿದ್ದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಅಂದೇ.

ಅವನ ಕೆಮ್ಮು ಆಗಲೇ ಗೋಡೆಯಾಚೆ ಕೇಳಿಸುತ್ತಿತ್ತು. ಮೆಟ್ಟಿಲ ಅರ್ಧಕ್ಕೇ ಕೂತುಬಿಡುವಂತಾದಾಗ ಕಾಕಿ ನನ್ನನ್ನು ಜೊತೆಗೆ ಆಸ್ಪತ್ರೆಗೆ ಕರೆದಳು. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ಇಂಗ್ಲಿಷಿನಲ್ಲಿ ಬಹಳ ಹೊತ್ತು ಹೇಳಿದರು. ಅದರಲ್ಲಿ ಒಂದು ಮಾತು ಕಾಕಾನಿಗೆ ಸಿಕ್ಕಿತು.

"ಇರಿಟೇಶನ್ ಅಂದ್ರಲ್ಲ? ಅಷ್ಟ ಹೌದಿಲ್ಲೋ? ಕಿರಿಕಿರಿ?"

ಕಿರಿಕಿರಿ ಶುರುವಿನದು, ಈಗ ಅದನ್ನು ದಾಟಿಹೋಗಿದೆ ಎಂದಿದ್ದರು ಡಾಕ್ಟರು. ನಾನು ಕಾಕಿಯ ಮುಖ ನೋಡಿದೆ.

"ಅಕಿನ್ನ ಏನ್ ನೋಡ್ತಿ? ಎದಿ ನಂದು. ಪೂರಾ ಹೇಳು."

"ಕಲ್ಲಿನ ಪುಡಿ ಎದಿಯೊಳಗ ಕುಂತು ಗಾಯ ಮಾಡೇತಿ ಕಾಕಾ. ಗಾಯ ಗಟ್ಟಿ ಆಗೇತಿ."

"ತೊಳದ್ರ ಹೋಗಂಗಿಲ್ಲೇನು?"

"ಇಲ್ಲ."

"ನಿಮ್ಮ ಅಂಗಡ್ಯಾಗ ಅದಕ್ಕೇನೂ ಇಲ್ಲ?"

ದಿನವಿಡೀ ಔಷಧಿ ಮಾರುವ ನಾನು ಇಲ್ಲವೆಂದು ತಲೆಯಾಡಿಸಿದೆ. ಅವನು ಎದ್ದು ಅಂಗಿಯ ಗುಂಡಿ ಹಾಕಿಕೊಂಡ. "ನಡೀರಿ, ಬಸ್ ತಪ್ಪತೈತಿ," ಎಂದ.

ಆಮೇಲೆ ಅವನಿಗೆ ಕೆಲಸಕ್ಕೆ ಹೋಗಲಾಗಲಿಲ್ಲ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ದಿಂಬು ಎದೆಗವುಚಿ ಕೂತೇ ನಿದ್ದೆ ಮಾಡುತ್ತಿದ್ದ. ಒಂದು ಮಧ್ಯಾಹ್ನ ಹೊರಗೆ ಕೂಡಿಸಿ ಎಂದ. ನಾನೂ ಕಾಕಿಯೂ ಹಿಡಿದು ಕಟ್ಟೆಯ ಮೇಲೆ ಕೂಡಿಸಿದೆವು. ಬಂದರಿನ ಕಡೆಯಿಂದ ಗಾಳಿ ಜೋರಾಗಿ ಬೀಸುತ್ತಿತ್ತು. ಹಗ್ಗದ ಮೇಲಿನ ಸೀರೆಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು.

"ಎಷ್ಟು ಗಾಳಿ ಐತಿ ನೋಡ ಮಗಳ," ಎಂದು ಮಾತು ನಿಲ್ಲಿಸಿ, ಮತ್ತೆ ಉಸಿರೆಳೆದು, "ಒಳಗ ಬರವಲ್ದು," ಎಂದ.

ಏನು ಮಾಡಬೇಕೋ ತಿಳಿಯದೆ ಅಲ್ಲಿದ್ದ ರಟ್ಟಿನ ತುಂಡೊಂದನ್ನು ಎತ್ತಿಕೊಂಡು, ಅಷ್ಟು ಗಾಳಿಯಲ್ಲೂ, ಅವನಿಗೆ ಬೀಸತೊಡಗಿದೆ.

"ಕೈ ನೋಯ್ತೈತಿ. ಬಿಡು."

ಬಿಡಲಿಲ್ಲ. ಕತ್ತಲಾಗುವವರೆಗೂ ಬೀಸುತ್ತಲೇ ಇದ್ದೆ. ಮರುದಿನ ಬೆಳಿಗ್ಗೆ ಕಾಕಿ ಚಹಾಕ್ಕೆ ನೀರಿಟ್ಟು ತಿರುಗಿ ನೋಡುವಷ್ಟರಲ್ಲಿ ಅವನು ದಿಂಬಿನ ಮೇಲೆ ಬಾಗಿಕೊಂಡೇ ಹೋಗಿಬಿಟ್ಟಿದ್ದ.