ಎರಡನೇ ಕಣ್ಣಿನ ತಾರೀಖು

ಕಣ್ಣಿನ ಆಸ್ಪತ್ರೆಯ ಬಿಲ್ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷ ಕೂತ ಹೆಂಗಸಿಗೆ ಪೊಲೀಸಮ್ಮ ಎಂದು ಹೆಸರು ಬಿದ್ದಿದ್ದು ಸುಮ್ಮನೆ ಅಲ್ಲ. ಆ ಪುಟ್ಟ ಆಸ್ಪತ್ರೆ ಯಾವ ವಿಮಾ ಕಂಪನಿಯ ಪಟ್ಟಿಯಲ್ಲೂ ಇರಲಿಲ್ಲ. ಪಟ್ಟಿಯಲ್ಲಿರುವ ಆಸ್ಪತ್ರೆಗೆ ಕಂಪನಿ ನೇರವಾಗಿ ಹಣ ಕೊಡುತ್ತದೆ. ಇಲ್ಲದಿದ್ದರೆ ರೋಗಿಯ ಹೆಸರಿಗೆ ಚೆಕ್ ಬರೆದು ಮನೆಗೆ ಕಳಿಸಿ ಕೈತೊಳೆದುಕೊಳ್ಳುತ್ತದೆ. ಚೆಕ್ ಬಂದ ಮೇಲೆ ಕೊಡುತ್ತೇವೆಂದು ಸಾಲದಲ್ಲಿ ಆಪರೇಷನ್ ಮಾಡಿಸಿಕೊಂಡು ಆ ಹಣದಲ್ಲಿ ಫ್ರಿಜ್ ಕೊಂಡವರು, ಫೋನ್ ನಂಬರನ್ನೇ ಬದಲಿಸಿದವರು, ಎಲ್ಲರನ್ನೂ ಪೊಲೀಸಮ್ಮ ಕಂಡಿದ್ದಳು. ಅದಕ್ಕೇ ಅವಳದೊಂದು ಕಾನೂನು: ಮೊದಲ ಕಣ್ಣಿನ ಚೆಕ್ಕಿನ ಹಣ ಕೈಸೇರದೆ ಎರಡನೇ ಕಣ್ಣಿಗೆ ತಾರೀಖಿಲ್ಲ. ಡಾಕ್ಟರು ಇದು ಗೊತ್ತಿದ್ದೂ ಗೊತ್ತಿಲ್ಲದವರಂತೆ ಇದ್ದರು.

ನಿವೃತ್ತ ಬಸ್ ಡ್ರೈವರ್ ಒಬ್ಬರ ಬಲಗಣ್ಣಿನ ಪೊರೆ ತೆಗೆದು ಎರಡು ತಿಂಗಳಾಗಿತ್ತು. ಎಡಗಣ್ಣು ಪೂರ್ತಿ ಮಂಜು. ವಾರಕ್ಕೊಮ್ಮೆ ಬಂದು ತಾರೀಖು ಕೇಳುತ್ತಿದ್ದರು.

"ಚೆಕ್ ಬಂತಾ ಯಜಮಾನ್ರೇ?"

"ಇಲ್ಲ ತಾಯಿ."

"ಬಂದ್ಮೇಲೆ ಬನ್ನಿ."

ಕಂಪನಿಗೆ ಫೋನ್ ಮಾಡಿದರೆ, "ಕಳ್ಸಿ ಐದು ವಾರ ಆಯ್ತಲ್ಲ ಮೇಡಂ" ಎಂದರು. ಪೊಲೀಸಮ್ಮನ ಮೈ ಉರಿದುಹೋಯಿತು. ಎಷ್ಟು ಸಾಧು ಮುಖ, ಎಂಥ ನಾಟಕ! ಭಾನುವಾರ ಬೆಳಿಗ್ಗೆ ನೇರ ಅವರ ಮನೆಗೇ ಹೋದಳು.

ಡ್ರೈವರ್ ಗಾಬರಿಯಾಗಿ ಕುರ್ಚಿ ಎಳೆದರು. ಹೆಂಡತಿ ನೀರು ತಂದಿಟ್ಟರು. ಪೊಲೀಸಮ್ಮನ ಕಣ್ಣು ಆಗಲೇ ಕಪಾಟಿನ ಮೇಲಿತ್ತು. ಅಲ್ಲಿ ಕಂಪನಿಯ ಲಕೋಟೆ, ಅಚ್ಚುಕಟ್ಟಾಗಿ ಒಡೆದದ್ದು.

"ಇದೇನು ಮತ್ತೆ?"

"ಅದಾ? ಅದು ಬಿಲ್ ಅಲ್ಲ ತಾಯಿ. ಅವ್ರೇ ದೊಡ್ಡದಾಗಿ ಬರ್ದಿದಾರೆ ನೋಡಿ. ಕಟ್ಟೋದೇನೂ ಇಲ್ಲ ಅಂತ ಎತ್ತಿಟ್ಟೆ."

ಬರೆದಿತ್ತು, ನಿಜ. ಒಳಗಿದ್ದ ಕಂಪನಿಯ ಲೆಕ್ಕದ ಹಾಳೆಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ: ಇದು ಬಿಲ್ ಅಲ್ಲ. ಅದರ ಕೆಳಗೆ ಇರುವೆಯಂಥ ಅಕ್ಷರಗಳು. ಕೊನೆಯಲ್ಲಿ ಹರಿದುಕೊಳ್ಳಲು ಚುಕ್ಕೆಗೆರೆ ಹಾಕಿದ ಚೆಕ್, ಹಾಳೆಗೆ ಅಂಟಿಕೊಂಡೇ ಇತ್ತು.

"ಕೆಳಗಿದ್ದದ್ದು ಓದ್ಲಿಲ್ವಾ?" ಅವಳ ದನಿಯಲ್ಲಿ ಅನುಮಾನ ಇನ್ನೂ ಇತ್ತು.

"ಹೇಗೆ ಓದ್ಲಿ? ಈ ಕಣ್ಣಿಗೆ ದೂರದ ಬಸ್ ಬೋರ್ಡ್ ಕಾಣತ್ತೆ, ಕೈಲಿರೋ ಕಾಗದ ಕಾಣಲ್ಲ. ಇವಳಿಗೆ ಓದು ಬರಲ್ಲ. ಓದೋ ಕನ್ನಡಕ ಎರಡೂ ಕಣ್ಣು ಮುಗಿದ್ಮೇಲೆ ಕೊಡ್ತೀವಿ ಅಂತ ನೀವೇ ಅಂದ್ರಲ್ಲ ತಾಯಿ."

ಪೊಲೀಸಮ್ಮನಿಗೆ ನಾಚಿಕೆಯಾಯಿತು. ಚೆಕ್ಕನ್ನು ಮುಟ್ಟಲಿಲ್ಲ.

"ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಬನ್ನಿ" ಎಂದಳು.

ಡ್ರೈವರ್ ಅನುಮಾನದಿಂದ ಅವಳತ್ತ ಬಗ್ಗಿದರು. "ಚೆಕ್ ಇಲ್ದೇನೇ?"