ಎರಡು ಕಪ್ಪು ಮಡಕೆ, ಒಂದು ಮೈಕ್

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಶಾಲೆಗಳು ಸೇರಿ ಕಳೆದ ವಾರ ನಡೆಸಿದ ವಿಜ್ಞಾನ ವಸ್ತು ಪ್ರದರ್ಶನದಲ್ಲಿ ತೀರ್ಪುಗಾರರು ತಮ್ಮ ಕೆಲಸ ಮಾಡಲಿಲ್ಲ. ಅವರು ಮಾಡುವಂಥ ವಾತಾವರಣವನ್ನು ಸಂಘಟಕರು ಒದಗಿಸಲೂ ಇಲ್ಲ. ಇದು ಆರೋಪ, ಅನುಮಾನವಲ್ಲ. ನಾನು ಅಲ್ಲೇ ಇದ್ದೆ.

ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಅನ್ಯಾಯಕ್ಕೊಳಗಾದ ಹುಡುಗಿ ಪ್ರಣೀತಾ ನನ್ನ ಅಕ್ಕನ ಮಗಳು. ಮರವಂತೆಯವಳು, ಒಂಬತ್ತನೇ ತರಗತಿ. (ಸ್ವಜನಪಕ್ಷಪಾತ ಎನ್ನುವವರು ಪೂರ್ತಿ ಓದಿ ಆಮೇಲೆ ಅನ್ನಲಿ.) ಇಲ್ಲಿ ಆಯ್ಕೆಯಾದವರು ಜಿಲ್ಲಾ ಮಟ್ಟಕ್ಕೆ ಹೋಗುತ್ತಾರೆ. ಅಲ್ಲಿ ಮಕ್ಕಳಿಗೆ ದೊಡ್ಡ ಟೆಲಿಸ್ಕೋಪಿನಲ್ಲಿ ಆಕಾಶ ತೋರಿಸುವ ವ್ಯವಸ್ಥೆ ಇದೆ. ಅವಳಿಗೆ ಬೇಕಾಗಿದ್ದು ಅದೊಂದೇ. ಕಪ್ ಗೆದ್ದರೆ ಶೋಕೇಸಿನಲ್ಲಿ ಎಲ್ಲಿಡುವುದೆಂದು ಯೋಚಿಸಿದ್ದವಳು ನನ್ನ ಅಕ್ಕ, ಇವಳಲ್ಲ.

ಅವಳ ಮಾದರಿಯೆಂದರೆ ಎರಡು ಮಣ್ಣಿನ ಮಡಕೆ. ಒಳಗೂ ಹೊರಗೂ ಕಪ್ಪು ಬಣ್ಣ. ಬಾಯಿಗೆ ಕಪ್ಪು ಬಟ್ಟೆ, ಬಟ್ಟೆಯ ನಡುವೆ ಗೋಲಿ ತೂರುವಷ್ಟು ಕಿಂಡಿ. ಒಂದರ ಅಡಿಯಲ್ಲಿ ಕಪ್ಪು ಬಣ್ಣ ಹಾಕಿದ ತೆಂಗಿನ ನಾರನ್ನು ದಪ್ಪಗೆ ತುಂಬಿದ್ದಳು. ಇನ್ನೊಂದರ ಅಡಿಯಲ್ಲಿ ಸ್ಟೀಲ್ ತಟ್ಟೆ, ಅದಕ್ಕೂ ಕಪ್ಪು ಬಣ್ಣ. ಟಾರ್ಚ್ ಬೆಳಕು ಬಿಟ್ಟು ನೋಡಿದರೂ ಎರಡರಲ್ಲೂ ಒಂದೇ ಕತ್ತಲೆ. ಗೋಲಿ ಹಾಕಿದಾಗ ಮಾತ್ರ ವ್ಯತ್ಯಾಸ. ನಾರಿನ ಮಡಕೆ ಗೋಲಿಯನ್ನು ನುಂಗಿ ಸುಮ್ಮನಿರುತ್ತದೆ. ತಟ್ಟೆಯ ಮಡಕೆ ‘ಟಣ್’ ಎಂದು ಉತ್ತರ ಕೊಡುತ್ತದೆ.

ಇದರಲ್ಲಿ ವಿಜ್ಞಾನ ಎಲ್ಲಿದೆ?

ಕಪ್ಪುರಂಧ್ರದ ಗಡಿ ದಾಟಿದ ಯಾವುದೂ ಹಿಂದಿರುಗುವುದಿಲ್ಲ. ಬೆಳಕು ಕೂಡ. ಆದರೆ ಭೌತಶಾಸ್ತ್ರಜ್ಞರು ಇನ್ನೊಂದು ಸಾಧ್ಯತೆಯನ್ನೂ ಲೆಕ್ಕ ಹಾಕುತ್ತಿದ್ದಾರೆ. ಕಪ್ಪುರಂಧ್ರವಾಗಲು ಇನ್ನೇನು ಕೂದಲೆಳೆಯಷ್ಟು ಬಾಕಿ ಎನ್ನುವಲ್ಲಿಯವರೆಗೆ ಕುಗ್ಗಿ, ಅಲ್ಲೇ ನಿಂತುಬಿಟ್ಟ ಅತಿಸಾಂದ್ರ ನಕ್ಷತ್ರ. ಅದರ ಬಳಿ ಹಾದುಹೋಗುವ ಬೆಳಕು ಬಾಗುತ್ತದೆ, ಸುತ್ತು ಹಾಕುತ್ತದೆ. ಅದರಿಂದ ಹೊರಡುವ ಬೆಳಕು ಶಕ್ತಿ ಕಳೆದುಕೊಂಡು ಕಾಣದಷ್ಟು ಮಂಕಾಗುತ್ತದೆ. ದೂರದಿಂದ ನೋಡಿದರೆ ಕಪ್ಪುರಂಧ್ರವೇ. ಆದರೆ ಒಳಗೆ ‘ಅಡಿ’ ಎನ್ನಬಹುದಾದ ಏನೋ ಇದೆ.

ಹಾಗಾದರೆ ಗುರುತಿಸುವುದು ಹೇಗೆ? ಅಂಥ ಎರಡು ಕಾಯಗಳು ಒಂದಕ್ಕೊಂದು ಡಿಕ್ಕಿ ಹೊಡೆದಾಗ ಏಳುವ ಗುರುತ್ವ ಅಲೆಗಳ ಹಿಂದೆಯೇ, ತುಸು ತಡವಾಗಿ, ಕ್ಷೀಣವಾದ ಪ್ರತಿಧ್ವನಿಯೊಂದು ಬರಬಹುದು ಎಂಬುದು ಊಹೆ. ಅಂಥ ನಕ್ಷತ್ರ ಇದೆಯೆಂದು ಯಾರೂ ಇನ್ನೂ ಸಾಧಿಸಿಲ್ಲ. ಇಲ್ಲವೆಂದೂ ಸಾಧಿಸಿಲ್ಲ. ಎಂಎಸ್ಸಿಯಲ್ಲಿ ನಾನು ಇದನ್ನು ಪುಟಗಟ್ಟಲೆ ಸಮೀಕರಣಗಳಲ್ಲಿ ಓದಿದ್ದೆ. ಎರಡು ಮಡಕೆಗಳಲ್ಲಿ ಹೇಳಬಹುದೆಂದು ನನಗೆ ಹೊಳೆದಿರಲಿಲ್ಲ.

ಈಗ ಆ ದಿನದ ವಿಚಾರಕ್ಕೆ ಬರೋಣ. ನಮ್ಮ ಕಡೆ ಸನ್ಮಾನವಿಲ್ಲದೆ ಯಾವ ಕಾರ್ಯಕ್ರಮ ಮುಗಿದದ್ದುಂಟು? ಚಪ್ಪರ ಮತ್ತು ಊಟದ ವ್ಯವಸ್ಥೆ ಮಾಡಿಸಿದ್ದವರು ಬೀಜಾಡಿ ಮೂಲದ, ಮುಂಬೈಯಲ್ಲಿ ಹೋಟೆಲ್ ಇರುವ ಉದ್ಯಮಿ. ಅವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಅಭಿನಂದನಾ ಪತ್ರದ ವಾಚನ. ಗೌರವ ಸಲ್ಲಲಿ, ನನ್ನ ತಕರಾರಿಲ್ಲ. ಆದರೆ ಸಂಘಟಕರು ಸನ್ಮಾನವನ್ನೂ ತೀರ್ಪನ್ನೂ ಒಂದೇ ಹೊತ್ತಿಗೆ ಇಟ್ಟಿದ್ದರು. ಮಾದರಿಗಳಿದ್ದ ಹಾಲ್‌ನ ಕಿಟಕಿಗೇ ಒಂದು ಧ್ವನಿವರ್ಧಕ ಕಟ್ಟಿದ್ದರು.

ಇಬ್ಬರು ತೀರ್ಪುಗಾರರು ಪ್ರಣೀತಾಳ ಮೇಜಿನ ಮುಂದೆ ನಿಂತರು. ಹಿರಿಯರು ಮಡಕೆಗಳನ್ನು ನೋಡಿ ಕೇಳಿದರು: “ಎರಡೂ ಕಪ್ಪೇ ಅಲ್ದನಾ ಹೆಣೆ? ಒಂದೇ ಸಾಮಾನ್ ಎರಡ್ ಇಟ್ಟದ್ ಎಂತಕೆ?”

“ಕಾಂಬುಕೆ ಒಂದೇ ಸರ್. ಕೇಂಬುಕೆ ಬೇರೆ,” ಅಂದಳು ಪ್ರಣೀತಾ. ಗೋಲಿ ಹಾಕಿದಳು. ಹೊರಗೆ ಮೈಕಿನಲ್ಲಿ ‘ಕೊಡುಗೈ ದಾನಿ, ಹುಟ್ಟೂರ ಹೆಮ್ಮೆ’ ಎಂದು ಗುಡುಗುತ್ತಿತ್ತು. ಟಣ್ ಎಂದದ್ದು ಪಕ್ಕದಲ್ಲೇ ನಿಂತಿದ್ದ ನನಗೂ ಕೇಳಲಿಲ್ಲ.

“ಸರ್, ಮೈಕ್ ಒಂದ್ ಗಳ್ಗಿ ನಿಲ್ಸುಕಾತ್ತಾ?”

ಹಿರಿಯರು ನಕ್ಕರು. “ಸಾಹುಕಾರ್ರ ಸನ್ಮಾನ ಆತಾ ಇತ್ತ್. ನಿನ್ ಗೋಲಿ ಶಬ್ದಕ್ಕೆ ಅದನ್ನ್ ನಿಲ್ಸುದಾ?” ಕಿರಿಯರು ತಟ್ಟೆಯ ಮಡಕೆಗೆ ಅಂಟಿಸಿದ್ದ ‘ನಕ್ಷತ್ರ’ ಎಂಬ ಚೀಟಿ ತೋರಿಸಿ ಒಂದು ಹೆಜ್ಜೆ ಮುಂದೆ ಹೋದರು: “ಮೇಲೆ ಬರೆದದ್ದನ್ನ ತಿದ್ದು. ನಕ್ಷತ್ರ ಅಲ್ಲ, ಕಪ್ಪುರಂಧ್ರ. ಪಾಠದಲ್ಲಿ ಇರುದ್ ಅಷ್ಟೇ.”

ಹೊರಟರು. ಎರಡನೇ ಗೋಲಿ ಇನ್ನೂ ಅವಳ ಕೈಯಲ್ಲೇ ಇತ್ತು.

ಫಲಿತಾಂಶ ಓದಿದರು. ಅಡುಗೆ ಸೋಡಾದ ಜ್ವಾಲಾಮುಖಿಗೆ ಪ್ರಥಮ. (ಮಾಡಿದ ಮಕ್ಕಳ ಮೇಲೆ ದೂರಿಲ್ಲ. ಆದರೆ ನಾನು ಶಾಲೆಗೆ ಹೋಗುತ್ತಿದ್ದಾಗಲೂ ಅದೇ ಉಕ್ಕುತ್ತಿತ್ತು.) ಪ್ರಣೀತಾಳ ಹೆಸರು ಬರಲಿಲ್ಲ. ‘ಕೆಲವರು ಒಂದೇ ವಸ್ತುವನ್ನು ಎರಡು ಸಲ ಇಟ್ಟು ಸಮಯ ಹಾಳು ಮಾಡಬಾರದು’ ಎಂಬ ಕಿವಿಮಾತು ಮಾತ್ರ ಮೈಕಿನಲ್ಲಿ ಬಂತು.

ಗಮನಿಸಿ. ನೋಡಿದರೆ ಒಂದೇ ಥರ, ಆದ್ದರಿಂದ ಎರಡೂ ಒಂದೇ. ಈ ತಪ್ಪು ಮಾಡಬೇಡಿ ಎಂದು ಹೇಳಲಿಕ್ಕೇ ಆ ಮಡಕೆಗಳಿದ್ದವು. ಅವುಗಳ ಎದುರು ನಿಂತು, ಅದೇ ತಪ್ಪು ಮಾಡಿ, ತೀರ್ಪು ಎಂದು ಕರೆದರು.

ಊಟದ ಹೊತ್ತಿಗೆ ಮೈಕ್ ನಿಂತಿತು. ಸನ್ಮಾನಿತರು ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡು ಹಾಲ್ ಸುತ್ತುತ್ತಾ ಬಂದರು. ಪ್ರಣೀತಾ ಮಡಕೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

“ಹ್ವಾಯ್, ಇದೆಂತ ಮಗಾ?”

ಅವಳು ಮಡಕೆಗಳನ್ನು ಮತ್ತೆ ಮೇಜಿನ ಮೇಲಿಟ್ಟು ಎರಡು ಗೋಲಿ ಅವರ ಕೈಗೆ ಕೊಟ್ಟಳು. ಒಂದು ಹಾಕಿದರು. ಇನ್ನೊಂದು ಹಾಕಿದರು. ಟಣ್.

“ಇದಕ್ಕೆ ಅಡಿ ಇತ್ತ್. ಆಚೆದಕ್ಕೆ ಇಲ್ಲ. ಅಲ್ದಾ?”

“ಅಡಿ ಇಪ್ಪುದೇ ನಕ್ಷತ್ರ,” ಅಂದಳು.

ಮೈಕ್ ನಿಲ್ಲಿಸಲು ಕೇಳಿದ ಕಥೆಯನ್ನು ನಾನು ಹೇಳಿದೆ. ಅವರು ಹಣೆ ಒರೆಸಿಕೊಂಡರು. “ನಂಗ್ ಹೇಳಿದ್ರೆ ನಾನೇ ನಿಲ್ಸಿ ಅಂತಿದ್ದೆ ಮರಾಯ್ರೆ. ಆ ಹೊಗಳಿಕೆ ಕೇಂಡ್ ಕೇಂಡ್ ನಂಗೇ ಸಾಕಾಯ್ತ್.”

ಅಂದರೆ ಆ ಸದ್ದು ಬೇಕಾಗಿದ್ದಾದರೂ ಯಾರಿಗೆ?

ಸಂಘಟಕರೊಬ್ಬರನ್ನು ಕಂಡು ಮಾದರಿಯನ್ನು ಮತ್ತೊಮ್ಮೆ ಪರಿಶೀಲಿಸಿ ಎಂದೆ. “ಹೆಸ್ರ್ ಓದಿ ಆಯ್ತಲೆ, ಈಗ ಎಂತ ಮಾಡುದ್? ಮುಂದಿನ್ ವರ್ಷ ಕಾಂಬ,” ಎಂದರು. ಮುಂದಿನ ವರ್ಷ ಅವಳು ಎಸ್ಸೆಸ್ಸೆಲ್ಸಿ. ಆ ತರಗತಿಯ ಮಕ್ಕಳನ್ನು ಪ್ರದರ್ಶನಕ್ಕೆ ಬಿಡುವ ಶಾಲೆ ಯಾವುದಿದೆ? ವಾಪಸು ಬರುವಾಗ ಬಸ್ಸಿನಲ್ಲಿ ಮಡಕೆಗಳನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕೇಳಿದ್ದು ಒಂದೇ ಮಾತು: “ಚಿಕ್ಕಿ, ನಾ ತಿದ್ದಿ ಕಪ್ಪುರಂಧ್ರ ಅಂದ್ ಬರ್ದಿದ್ರೆ ಕಳ್ಸ್‌ತಿದ್ರಾ?” ಅದಕ್ಕೆ ಉತ್ತರಿಸಬೇಕಾದವಳು ನಾನಲ್ಲ.

ಆದ್ದರಿಂದ ಪ್ರದರ್ಶನದ ಸಂಘಟಕರಲ್ಲಿಯೂ ತೀರ್ಪುಗಾರರಲ್ಲಿಯೂ ಈ ಅಂಕಣದ ಮೂಲಕ ವಿನಂತಿಸುತ್ತೇನೆ. ಒಂದು ಮಾದರಿಯನ್ನು ಪರೀಕ್ಷಿಸದೆಯೇ ತಿರಸ್ಕರಿಸಿದ್ದೇಕೆ ಎಂಬುದನ್ನು ಲಿಖಿತವಾಗಿ ತಿಳಿಸಿ. ಜಿಲ್ಲೆಗೆ ಹೆಸರು ಕಳುಹಿಸುವ ಮುನ್ನ ಆ ಮಡಕೆಗಳನ್ನು ಮೈಕಿಲ್ಲದ ಕೋಣೆಗೆ ತರಿಸಿ, ತಾವೇ ಒಂದೊಂದು ಗೋಲಿ ಹಾಕಿ, ಕಿವಿಗೊಟ್ಟು, ಆಮೇಲೆ ತೀರ್ಪು ಕೊಡಿ.