ಸಾಲಿನ ಕೊನೆಯಲ್ಲಿ ಅಕ್ಕ

ಸರಬರಾಜು ಕಚೇರಿಯ ಗುಮಾಸ್ತನಿಗೆ ಜನ ಇಟ್ಟ ಹೆಸರು ತಕ್ಕಡಿ. ರೇಷನ್ ಅಂಗಡಿಯಲ್ಲಿದ್ದಾಗ ಹೆತ್ತ ತಾಯಿಯನ್ನೇ ಸಾಲಿನ ಕೊನೆಗೆ ಕಳಿಸಿದ ಮನುಷ್ಯ. ಎಲ್ಲರೂ ಹೊಗಳಿದರು, ಇವನು ಉಬ್ಬಿಹೋದ. ಅಂದಿನಿಂದ ಅದೇ ಚಾಳಿ: ನೆಂಟರು ಕಂಡರೆ ಸಾಕು, ಹಿಂದಕ್ಕೆ ಅಟ್ಟುವುದು. ಪೆಟ್ರೋಲ್ ಬಂಕಿನಲ್ಲಿ ಪೈಪು ಹಿಡಿಯುವ ನನಗೆ ಅವನ ಈ ಹೆಸರಿನ ಹುಚ್ಚು ಎಂದೂ ಹಿಡಿಸಿರಲಿಲ್ಲ.

ಚಂಡಮಾರುತಕ್ಕೆ ಕರೆಂಟ್ ಕಂಬಗಳೆಲ್ಲ ನೆಲಕಚ್ಚಿದಾಗ ನಮ್ಮ ಬಂಕಿನ ಡೀಸೆಲ್ ಹಂಚುವ ಹೊಣೆ ಅವನ ತಲೆಗೆ ಬಂತು. ಸುಳ್ಳು ಹೇಳಬಾರದು, ಯೋಜನೆ ಚೆನ್ನಾಗಿಯೇ ಮಾಡಿದ. ಆಸ್ಪತ್ರೆಯ ಪಾಲನ್ನು ಬೇರೆ ತೆಗೆದಿಟ್ಟ. ಮನೆಯಲ್ಲಿ ಉಸಿರಾಟದ ಯಂತ್ರಕ್ಕಾಗಿ ಜನರೇಟರ್ ಓಡಿಸುವವರು ಕ್ಯಾನ್ ಹಿಡಿದು ನೇರವಾಗಿ ಮುಂದೆ ಬರಬಹುದು, ಉಳಿದವರೆಲ್ಲ ಸಾಲಿನಲ್ಲಿ. ಕಾರು ನುಗ್ಗಿಸಲು ನೋಡಿದ ಬಟ್ಟೆ ವ್ಯಾಪಾರಿ ಇಂಗು ತಿಂದ ಮಂಗನಂತೆ ಹಿಂದೆ ಹೋಗಿ ನಿಂತ.

ಮಧ್ಯಾಹ್ನ ತಕ್ಕಡಿಯ ಅಕ್ಕ ನೀಲಿ ಕ್ಯಾನ್ ಹಿಡಿದು ಮುಂದೆ ಬಂದಳು. ಭಾವನ ಶ್ವಾಸಕೋಶ ಕೆಟ್ಟು ಬಹಳ ಕಾಲವಾಗಿತ್ತು, ಯಂತ್ರವಿಲ್ಲದೆ ಉಸಿರು ನಡೆಯುತ್ತಿರಲಿಲ್ಲ. ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ತಕ್ಕಡಿಯೇ.

ಹಿಂದಿನಿಂದ ವ್ಯಾಪಾರಿ ಕೂಗಿದ, “ಓಹೋ, ತಕ್ಕಡಿ ಮನೆಯೋರಿಗೆ ಸಾಲು ಇಲ್ವೋ?”

ತಕ್ಕಡಿಯ ಕಿವಿ ಕೆಂಪಾಯಿತು. “ಅಕ್ಕ, ಹಿಂದೆ ಹೋಗಿ ನಿಂತ್ಕೋ.”

“ಜನರೇಟರ್ ಆಗಲೇ ಕೆಮ್ತಾ ಇದೆ ಕಣೋ. ಮುಂದೆ ಬರಬಹುದು ಅಂದೋನು ನೀನೇ ಅಲ್ವಾ?”

“ಜನ ಏನಂತಾರೆ ಅಕ್ಕ? ಹೋಗು, ಎಲ್ರಿಗೂ ಸಿಗತ್ತೆ.”

ಸಾಲು ಚಪ್ಪಾಳೆ ತಟ್ಟಿತು. ಅಕ್ಕ ಖಾಲಿ ಕ್ಯಾನ್ ಹಿಡಿದು ಹಿಂದೆ ಹೋದಳು. ತಾನೇ ಮಾಡಿದ ನಿಯಮವನ್ನು ಒಡಹುಟ್ಟಿದವಳೊಬ್ಬಳಿಗೆ ಮಾತ್ರ ಮುರಿದ ಈ ಪುಣ್ಯಾತ್ಮ ಎದೆಯುಬ್ಬಿಸಿ ನಿಂತ.

ಅವಳ ಸರದಿ ಬರುವ ಮೊದಲೇ ಡೀಸೆಲ್ ಮುಗಿದು ಪೈಪಿನಲ್ಲಿ ಬರೀ ಗಾಳಿ ಬಂತು. ಆಗ ಅವನಿಗೆ ದಿಗಿಲಾಯಿತು. ಆಸ್ಪತ್ರೆಯವರ ಕೈಕಾಲು ಹಿಡಿದು ಅವರ ಪಾಲಿನಿಂದ ಒಂದಿಷ್ಟು ತಂದು ಅಕ್ಕನ ಮನೆಗೆ ಓಡಿದ. ಅಷ್ಟರಲ್ಲಿ ಜನರೇಟರ್ ನಿಂತಿತ್ತು. ಭಾವನ ಉಸಿರೂ ನಿಂತಿತ್ತು.

ಆಮೇಲಿನ ದಿನಗಳಲ್ಲಿ ಯಾರಾದರೂ ತಕ್ಕಡಿ ಎಂದು ಕರೆದರೆ ಅವನು ತಲೆ ತಗ್ಗಿಸುತ್ತಿದ್ದ. “ಆ ಚಪ್ಪಾಳೆ ಕಿವಿ ಬಿಟ್ಟು ಹೋಗ್ತಾನೇ ಇಲ್ಲ ಮಾರಾಯ,” ಎಂದು ನನ್ನ ಮುಂದೆ ಅತ್ತ.

ಒಂದು ಬೆಳಿಗ್ಗೆ ಅಕ್ಕ ಬಂಕಿಗೆ ಬಂದಳು. ಅವನು ಕುರ್ಚಿ ಬಿಟ್ಟು ಎದ್ದ. “ನಾನೇ ಕೊಂದೆ ಅಕ್ಕ. ಬೈದುಬಿಡು.”

ಅವಳು ಬೈಯಲಿಲ್ಲ. ನೀಲಿ ಕ್ಯಾನನ್ನು ಅವನ ಮೇಜಿನ ಮೇಲಿಟ್ಟಳು.

“ಇದನ್ನ ಯಾರಾದ್ರೂ ಹೊರಗಿನೋರಿಗೆ ಕೊಡು. ಅವರನ್ನಾದ್ರೆ ನೀನು ಮುಂದೆ ಬಿಡ್ತೀಯ.”